ಅಜ್ಜಿ ಸರಿಮಾಡಿದ ಗಿಟಾರ್

ನಾನು ಚಿಕ್ಕವನಿದ್ದಾಗ ಹಲಸೂರಿನ ನಮ್ಮ ಮನೆಯಲ್ಲಿ ಎರಡು ವಾದ್ಯಗಳಿದ್ದವು. ಒಂದು ಅಜ್ಜಿಯ ವೀಣೆ. ಅದು ನಡುಮನೆಯ ಚಾಪೆಯ ಮೇಲೆ, ಹಳೆಯ ರೇಷ್ಮೆ ಸೀರೆಯ ತುಂಡು ಹೊದ್ದು ಮಹಾರಾಣಿಯ ಹಾಗೆ ಮಲಗಿರುತ್ತಿತ್ತು. ಇನ್ನೊಂದು ನಾನು ಎರವಲು ತಂದಿದ್ದ ಗಿಟಾರ್. ಅದಕ್ಕೆ ಅಕ್ಕಿ ಡಬ್ಬದ ಪಕ್ಕದಲ್ಲಿ ಜಾಗ.

ತಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಯಾರೋ ಗಿಟಾರ್ ನುಡಿಸಿದ್ದನ್ನು ಕೇಳಿ ಅಪ್ಪ ಮರುಳಾಗಿಬಿಟ್ಟಿದ್ದರು. ತಮ್ಮ ಕೈಲಾಗದು ಎಂದು ನನ್ನನ್ನು ಮುಂದೆ ತಳ್ಳಿದರು. ಪ್ರತಿ ಶನಿವಾರ ಮಧ್ಯಾಹ್ನ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬೆನ್ಸನ್ ಟೌನಿನ ಮೇಷ್ಟ್ರ ಮನೆಗೆ ಕರೆದೊಯ್ಯುತ್ತಿದ್ದರು. ಆ ಮನೆಯಲ್ಲಿ ಮರದ ಪಾಲಿಶ್ ಮತ್ತು ಬೇಯುತ್ತಿರುವ ಕೇಕಿನ ವಾಸನೆ. ಮೇಷ್ಟ್ರು ಎತ್ತರದ ಆಳು, ಕಡಿಮೆ ಮಾತು. ಅವರಲ್ಲಿದ್ದ ಹೆಚ್ಚುವರಿ ಗಿಟಾರ್ ಒಂದೇ. ಅದನ್ನು ನನಗೆ ಕೊಡುವಾಗ ಎರಡು ಷರತ್ತು ಹಾಕಿದ್ದರು. ತಂತಿ ಬಿಗಿಸುವ ಕೀಲಿಗಳನ್ನು ಮುಟ್ಟಬಾರದು. ತಿಂಗಳ ಕೊನೆಗೆ ಮೂರು ಕಾರ್ಡುಗಳನ್ನು ಸ್ವಚ್ಛವಾಗಿ ನುಡಿಸಬೇಕು, ಇಲ್ಲವಾದರೆ ಗಿಟಾರ್ ಕಾಯುತ್ತಿರುವ ಇನ್ನೊಬ್ಬ ಹುಡುಗನಿಗೆ.

ಕಾರ್ಡ್ ಎಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವುದು ಎಂದು ಗಿಟಾರ್ ಹಿಡಿದಿರುವ ಮೊಮ್ಮಕ್ಕಳಾದ ನಿಮಗೆ ನಾನು ಹೇಳಬೇಕಾಗಿಲ್ಲ. ನನಗಂತೂ ಅದು ಬೆರಳುಗಳ ಕುಸ್ತಿ. ಉಕ್ಕಿನ ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿಗಳು ಊದಿಕೊಂಡವು. ಅಂಗಿಯ ಗುಂಡಿ ಹಾಕಿದರೂ ಉರಿ. ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು ಲೆಕ್ಕ ಮಾಡುತ್ತಿದ್ದಳು. ಅಜ್ಜಿ ಮಾತ್ರ ಹೂ ಕಟ್ಟುತ್ತಾ, ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. ಕೊನೆಗೊಂದು ದಿನ ಮೂರು ಕಾರ್ಡುಗಳೂ ಕೈಗೆ ಬಂದವು. ಆ ಸಂತೋಷಕ್ಕೆ ನನಗೆ ನಿದ್ದೆ ಹತ್ತಲಿಲ್ಲ.

ಪರೀಕ್ಷೆಯ ಶನಿವಾರ ಎಣ್ಣೆ ಸ್ನಾನ ಮುಗಿಸಿ, ಸೀಗೆಕಾಯಿ ವಾಸನೆಯ ತಲೆ ಬಾಚಿಕೊಂಡು, ಚೀಲದಲ್ಲಿದ್ದ ಗಿಟಾರ್ ಎತ್ತಿಕೊಂಡು ಹೊರಟೆ. ಮೇಷ್ಟ್ರ ಮುಂದೆ ಕುಳಿತು ಮೊದಲ ಕಾರ್ಡ್ ಹಿಡಿದು ಮೀಟಿದೆ.

ಎಂಥ ಸದ್ದು ಬಂತೆನ್ನುತ್ತೀರಿ. ಪಾತ್ರೆಗಳೆಲ್ಲ ಅಟ್ಟದಿಂದ ಒಟ್ಟಿಗೆ ಬಿದ್ದ ಹಾಗಿತ್ತು. ನನ್ನ ಕೈ ಅಲ್ಲೇ ನಿಂತುಹೋಯಿತು. ಬೆರಳು ಸರಿಯಾಗಿಯೇ ಇತ್ತು. ಮತ್ತೆ ಮೀಟಿದೆ, ಮತ್ತೆ ಅದೇ.

"ಕೀ ತಿರುಗಿಸಿದ್ಯಾ?" ಎಂದರು ಮೇಷ್ಟ್ರು.

"ಇಲ್ಲ ಅಂಕಲ್."

"ಲೈ ಮಾಡ್ಬೇಡ ಮ್ಯಾನ್. ತಿರುಗಿಸ್ದೆ ಹಿಂಗಾಗಲ್ಲ."

ಗಿಟಾರನ್ನು ನನ್ನ ಮಡಿಲಿನಿಂದ ತೆಗೆದು ಗೋಡೆಗೆ ತೂಗುಹಾಕಿದರು. ಅಳು ಕೂಡ ಬರಲಿಲ್ಲ, ಅಷ್ಟು ದಿಗಿಲಾಗಿತ್ತು. ಗಿಟಾರ್ ಹೋಯಿತು, ಜೊತೆಗೆ ಸುಳ್ಳ ಎನ್ನಿಸಿಕೊಂಡೆ. ಗೇಟಿನ ಬಳಿ ನಿಂತಿದ್ದ ಅಪ್ಪ ನನ್ನ ಖಾಲಿ ಕೈ ನೋಡಿ ಸೈಕಲ್ ತಿರುಗಿಸಿದರು.

ಮನೆಯಲ್ಲಿ ಬಿಕ್ಕುತ್ತಾ ಎಲ್ಲವನ್ನೂ ಹೇಳಿದೆ. ಅಜ್ಜಿ ಹೂವಿನ ದಾರ ಕೆಳಗಿಟ್ಟರು.

"ನಾನೇ ಕಣೋ ಸರಿ ಮಾಡಿದ್ದು. ನೀನು ಸ್ನಾನಕ್ಕೆ ಹೋದಾಗ. ಒಂದು ತಂತಿಗೂ ಇನ್ನೊಂದಕ್ಕೂ ಸಂಬಂಧಾನೇ ಇರ್ಲಿಲ್ಲ. ವೀಣೆ ಥರ ಷಡ್ಜ, ಪಂಚಮಕ್ಕೆ ಸೇರಿಸ್ದೆ. ಪರೀಕ್ಷೆ ಅಂದ್ಯಲ್ಲ, ಪಾಪ ಅಂತ."

ಅಕ್ಕ ಕಿವಿಯ ಹತ್ತಿ ತೆಗೆದಳು. ಆದರೆ ನಿಜವಾದ ಆಘಾತ ಇನ್ನೂ ಮುಂದಿತ್ತು. ದೇವಸ್ಥಾನ ಬಿಟ್ಟರೆ ಎಲ್ಲಿಗೂ ಹೋಗದ, ಪರರ ಮನೆಯಲ್ಲಿ ನೀರೂ ಮುಟ್ಟದ, ಜಟಕಾ ಹತ್ತಿದರೆ ತಲೆ ಸುತ್ತುತ್ತದೆ ಎನ್ನುವ ನಮ್ಮ ಅಜ್ಜಿ ಸೆರಗು ಸರಿಮಾಡಿಕೊಂಡು "ಒಂದು ಜಟಕಾ ಕರಿ" ಎಂದರು.

ಮೇಷ್ಟ್ರು ಬಾಗಿಲು ತೆರೆದು ಬೆಚ್ಚಿದರು. ಅಜ್ಜಿ ಹೊಸ್ತಿಲಲ್ಲೇ ನಿಂತು, "ಹುಡುಗ ಸುಳ್ಳು ಹೇಳಿಲ್ಲ ಮೇಷ್ಟ್ರೇ. ತಿರುಗಿಸಿದ್ದು ನಾನು" ಎಂದರು.

"ನೀವಾ? ಯಾಕಮ್ಮಾ?"

"ಶ್ರುತಿ ಇರ್ಲಿಲ್ಲ."

ಮೇಷ್ಟ್ರು ಗಿಟಾರ್ ಇಳಿಸಿ ಒಂದೊಂದೇ ತಂತಿ ಮೀಟಿದರು. ಅವರ ಮುಖ ಬದಲಾಗುತ್ತಾ ಹೋಯಿತು. "ಶ್ರುತಿ ನೋಡೋ ಪಿಚ್ ಪೈಪ್ ಇಲ್ದೆ, ಬರೀ ಕಿವೀಲಿ ಮಾಡಿದ್ರಾ?"

"ಕಿವಿ ಇರೋದು ಮತ್ಯಾತಕ್ಕೆ?"

ಮೇಷ್ಟ್ರು ನಕ್ಕುಬಿಟ್ಟರು. ಆಮೇಲೆ ತಂತಿಗಳನ್ನು ತಮ್ಮ ಶ್ರುತಿಗೆ ತಂದು, ಒಂದು ಕಾರ್ಡ್ ಹಿಡಿದು ನಿಧಾನವಾಗಿ ಮೀಟಿದರು. ಅಜ್ಜಿ ಕಣ್ಣು ಮುಚ್ಚಿ, ನಾದ ಪೂರ್ತಿ ಅಡಗುವ ತನಕ ಕೇಳಿದರು. "ಓ, ಇದರ ಲೆಕ್ಕವೇ ಬೇರೆ. ಹಾಗಾದ್ರೆ ತಪ್ಪು ನಂದೇ." ಅಜ್ಜಿಯ ಬಾಯಲ್ಲಿ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದೇ ಇಲ್ಲ. ನಾನು ಅದೇ ಗುಂಗಿನಲ್ಲಿದ್ದಾಗ ಮೇಷ್ಟ್ರು ನನ್ನ ಕೈ ಹಿಡಿದು ಕುಲುಕಿ, "ಸಾರಿ ಮ್ಯಾನ್" ಎಂದರು. ದೊಡ್ಡವರಿಬ್ಬರು ಒಂದೇ ಸಂಜೆ ತಪ್ಪೊಪ್ಪಿಕೊಂಡಿದ್ದರು. ನಾನು ಪಿಳಿಪಿಳಿ ನೋಡುತ್ತಾ ನಿಂತೆ.

ಆಮೇಲೆ ಮೂರು ಕಾರ್ಡ್ ನುಡಿಸಿದೆ.

"ಎರಡನೇದು ಸೊಟ್ಟ" ಎಂದರು ಅಜ್ಜಿ.

"ಹೌದಮ್ಮ, ಸ್ವಲ್ಪ ಸೊಟ್ಟ" ಎಂದರು ಮೇಷ್ಟ್ರು. ಆದರೂ ಗಿಟಾರ್ ನನ್ನ ಜೊತೆಯೇ ಜಟಕಾ ಹತ್ತಿತು.

ಈಗ ನಿಮ್ಮ ಫೋನೇ ಶ್ರುತಿ ನೋಡುತ್ತದೆ, ಅದರಲ್ಲಿ ಹಸಿರು ದೀಪ ಹತ್ತಿದರೆ ಸಾಕು, ಶ್ರುತಿ ಸರಿ. ಯಾರ ಅಜ್ಜಿಯೂ ಕೆಡಿಸಲಾರಳು. ಕರೆಂಟಿನ ಗಿಟಾರಿಗೆ ಹೆಡ್‌ಫೋನ್ ಸಿಕ್ಕಿಸಿ ಕಿವಿಗೆ ಹಾಕಿಕೊಂಡು, ಕೋಣೆಯ ಬಾಗಿಲು ಮುಚ್ಚಿಕೊಂಡು ಅಭ್ಯಾಸ ಮಾಡುತ್ತೀರಿ. ನಡುಮನೆಯಲ್ಲಿ ಕುಳಿತ ನನಗೆ ನಿಮ್ಮ ಬೆರಳು ತಂತಿಗೆ ತಗುಲುವ ಟಿಕ್ ಟಿಕ್ ಸದ್ದು ಮಾತ್ರ ಕೇಳುತ್ತದೆ. ಒಳ್ಳೆಯ ಮಕ್ಕಳು, ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೂ ಒಂದು ದಿನ ಬಾಗಿಲು ತೆರೆದಿಟ್ಟು, ಆ ಹೆಡ್‌ಫೋನ್ ಕಿತ್ತುಹಾಕಿ ನುಡಿಸಿ. ಸೊಟ್ಟ ಎಂದು ಹೇಳಲು ನಾನಿನ್ನೂ ಇದ್ದೇನೆ.