ಬಿಳಿ ಗೆರೆಯ ಡೇರೆ ಹೂವು

ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಕಣ್ಣ ಮುಂದೆ ಬಂದುಬಿಟ್ಟಳು. ಅವಳ ಕೈ, ಸೆರಗು, ಕೊನೆಗೆ ಅವಳು ಕೊಡುತ್ತಿದ್ದ ಕಾಫಿಯೂ ಹೀಗೇ ನಾರುತ್ತಿತ್ತು.

ಮದುವೆಗೆ ಮುಂಚೆ ಬಾಳೆ ಸಸಿ ಮಾಡುವ ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಊರಿಗೊಂದು ದಾರಿಯಾದರೆ ಅವಳಿಗೊಂದು ದಾರಿ. ನಾವೆಲ್ಲ ಕುಕ್ಕರಿನಲ್ಲಿ ಅನ್ನ ಮಾಡಿದರೆ ಅವಳು ಕ್ರಿಮಿ ಸಾಯಲೆಂದು ಜಾಮ್ ಬಾಟಲಿ ಬೇಯಿಸುತ್ತಿದ್ದಳು, ಗಳಿಗೆಗೊಮ್ಮೆ ಕೈಗೆ ಸ್ಪಿರಿಟ್ ಒರೆಸಿಕೊಳ್ಳುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಸಾಲು ಬಾಟಲಿ, ಒಳಗೆ ಜೆಲ್ಲಿ, ಅದರ ಮೇಲೆ ಸೇವಂತಿಗೆ, ಜರ್ಬೆರಾದ ಮರಿ ಸಸಿಗಳು. ಚನ್ನಗಿರಿ, ನ್ಯಾಮತಿ ಕಡೆಯ ನರ್ಸರಿಯವರು ಬಂದು ಒಯ್ಯುತ್ತಿದ್ದರು.

ಆದರೆ ಅವಳ ಜೀವವೆಲ್ಲ ಅಂಗಳದ ಒಂದು ಡೇರೆ ಗಿಡದ ಮೇಲೆ. ಕೆಂಪು ಹೂವು, ಎಸಳಿನ ಮೇಲೆ ಬಿಳಿ ಗೆರೆ... ಸುಣ್ಣದಲ್ಲಿ ಅದ್ದಿದ ಬೆರಳಿನಿಂದ ಎಳೆದ ಹಾಗೆ. ಜಗಳೂರಿನ ಕಡೆ ಸೊಕ್ಕೆಯಲ್ಲಿ ಅವಳ ಅವ್ವ ಬೆಳೆಸಿದ್ದ ಗಿಡವದು. ಮಗಳಿಗೆ ಉಡಿ ತುಂಬುವಾಗ ಒಂದು ಗೆಡ್ಡೆಯನ್ನು ಬೂದಿಯಲ್ಲಿ ಹೊರಳಿಸಿ ಅಕ್ಕಿಯ ಜೊತೆ ಹಾಕಿದ್ದಳಂತೆ. ಈಗ ಅವ್ವ ಇರಲಿಲ್ಲ. ಆ ಗಿಡಕ್ಕೂ ವೈರಸ್ ರೋಗ ಹತ್ತಿತ್ತು. ಎಲೆ ಮುರುಟಿಕೊಂಡು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿತ್ತು.

ನಾನೊಮ್ಮೆ ಗೆಡ್ಡೆ ಕೇಳಿದೆ. ಹೂವಿನ ಗೆಡ್ಡೆ ಕೇಳಿದವರಿಗೆ ಇಲ್ಲ ಎನ್ನುವುದು ನಮ್ಮ ಕಡೆಯ ಪದ್ಧತಿಯಲ್ಲ.

"ಇದಕ್ಕೆ ರೋಗ ಐತೆ ತಂಗಿ, ನಿನ್ನ ಗಿಡಕ್ಕೂ ಹತ್ತುತ್ತೆ. ಚೊಕ್ಕ ಮಾಡಿ ಕೊಡ್ತೀನಿ, ತಡಿ" ಎಂದಳು. ಬೇರೆಯವರಿಗೂ ಅದೇ ಉತ್ತರ.

ಚಿಗುರಿನ ತುತ್ತತುದಿಗೆ ವೈರಸ್ ಇನ್ನೂ ತಲುಪಿರುವುದಿಲ್ಲವಂತೆ. ಸಾಸಿವೆಗಿಂತ ಸಣ್ಣ ಆ ಚೂರನ್ನು ಕತ್ತರಿಸಿ ಬಾಟಲಿಗೆ ಇಟ್ಟಳು. ಎಷ್ಟೋ ಕೊಳೆತುಹೋದವು, ಕೊನೆಗೆ ಕೆಲವು ಹಸಿರಾದವು. ಸಸಿಗಳನ್ನು ಅಂಗಳಕ್ಕೆ ತರುವ ಮುನ್ನ ಹಳೆಯ ಗಿಡವನ್ನು ಗೆಡ್ಡೆ ಸಮೇತ ಕಿತ್ತು ಸುಟ್ಟಳು. ಇಲ್ಲದಿದ್ದರೆ ಗಿಡದ ಹೇನುಗಳು ಅದರ ರಸ ಹೀರಿ ಹೊಸ ಗಿಡಕ್ಕೆ ರೋಗ ಅಂಟಿಸುತ್ತವೆ. ಆ ಕೆಲಸದವರೆಲ್ಲ ಮಾಡುವುದೇ ಹಾಗೆ. ಅವತ್ತು ಅವಳು ಖುಷಿಯಾಗಿದ್ದಳು. ನನಗೂ ಒಂದು ಸಸಿ ಕೊಟ್ಟಳು.

ಹೂ ಬಿಟ್ಟಿತು. ಅಂಗೈಯಗಲದ ಹೂವು, ಅಪ್ಪಟ ಕೆಂಪು... ಒಂದರಲ್ಲೂ ಗೆರೆ ಇರಲಿಲ್ಲ. ಬಿಳಿ ಗೆರೆ ಎಳೆಯುತ್ತಿದ್ದದ್ದು ಆ ವೈರಸ್ಸೇ ಎಂದು ಅವಳಿಗೆ ಹೊಳೆದದ್ದು ಆಗ. ಬಾಳೆಯಲ್ಲಿ ಕೈ ಪಳಗಿದವಳು. ಬಾಳೆ ಹೂವಿನ ಬಣ್ಣವನ್ನು ಯಾರು ನೋಡುತ್ತಾರೆ?

"ರೋಗ ತೆಗಿಯಾಕೆ ಹೋಗಿ ಅವ್ವನ್ನೇ ತೆಗೆದುಬಿಟ್ನಲ್ಲ ತಂಗಿ" ಎಂದು ಮೆಟ್ಟಿಲ ಮೇಲೆ ಕೂತಳು. "ಹೆಂಗೂ ಸಾಯೋ ಗಿಡ, ಬಿಡಕ್ಕ" ಎಂದೆ. ಮರುದಿನ ಸೊಕ್ಕೆಗೆ ಬಸ್ಸು ಹತ್ತಿದಳು. ಅವ್ವ ಗೆಡ್ಡೆ ಹಂಚಿದ್ದ ಮನೆಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದಳು. ಅಲ್ಲೂ ಒಂದೂ ಉಳಿದಿರಲಿಲ್ಲ. ಆಮೇಲೆ ಬಾಟಲಿ ಕೆಲಸ ಮಾಡಿದಳು ನಿಜ, ಆದರೆ ಡೇರೆಯ ಸುದ್ದಿಗೆ ಮಾತ್ರ ಹೋಗಲಿಲ್ಲ.

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಅವಳು ಕೊಟ್ಟ ಡೇರೆ ನಮ್ಮ ಅಂಗಳದ ತುಂಬ ಹಬ್ಬಿದೆ. ಒಂದೆಲೆಗೂ ರೋಗವಿಲ್ಲ ಎಂದು ನೋಡಿದವರೆಲ್ಲ ಹೊಗಳುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅವತ್ತು ನಾನು ಕೇಳಿದಾಗ ಆ ರೋಗದ ಗೆಡ್ಡೆಯನ್ನೇ ಕೊಟ್ಟಿದ್ದರೆ, ಅವಳು ಬರಿಗೈಯಲ್ಲಿ ಬಂದ ದಿನ ತಿರುಗಿ ಕೊಡಲು ನನ್ನ ಹತ್ತಿರ ಒಂದಾದರೂ ಇರುತ್ತಿತ್ತು.