ಹುಳಕ್ಕೆ ಹಿಡಿದ ಓಢಣಿ

ಮೊನ್ನೆ ಇಸ್ತ್ರಿ ಅಂಗಡಿಯ ಮುಂದೆ ಗಂಜಿ ಹಾಕಿದ ಮಲ್‌ಮಲ್ ಬಟ್ಟೆಯ ಬಿಸಿ ವಾಸನೆ ಮೂಗಿಗೆ ಬಡಿಯಿತು. ಯಾರ ಬಟ್ಟೆಯೋ ಏನೋ... ನನಗೆ ಮಾತ್ರ ದೇವದುರ್ಗದ ಪಕ್ಕದ ಮನೆಯ ಖಾಲಾ ನೆನಪಾದರು. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ.

ಎಂಬತ್ತರ ದಶಕದ ಮಾತು. ನಾನು ಅಲ್ಲಿನ ಶಾಲೆಗೆ ಹೊಸ ಮಾಸ್ತರ. ಕೈಯಲ್ಲಿ ಹಳೆಯ ಕ್ಯಾಮೆರಾ, ತಲೆಯಲ್ಲಿ ಹುಳುಗಳ ಹುಚ್ಚು. ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದರೆ ಇರುವೆಯೂ ಎಮ್ಮೆಯಷ್ಟು ಕಾಣುತ್ತಿತ್ತು. ಆದರೆ ಅಷ್ಟು ಹತ್ತಿರದಿಂದ ಫ್ಲ್ಯಾಶ್ ಹೊಡೆದರೆ ಅದರ ಮುಖಕ್ಕೆ ಸುಣ್ಣ ಬಳಿದಂತಾಗುತ್ತಿತ್ತು.

ಖಾಲಾ ಅರಕೇರಾದವರು. ಹುಡುಗಿಯಾಗಿದ್ದಾಗ ಮೃಗಶಿರ ಮಳೆ ಬಿದ್ದೊಡನೆ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ಲಿನಂಥ ಹುಳಗಳನ್ನು ಕಡ್ಡಿಪೆಟ್ಟಿಗೆಯಲ್ಲಿ ಸಾಕುತ್ತಿದ್ದರಂತೆ. ಈಗ ಕಣ್ಣಿಗೆ ಪೊರೆ ಬಂದು, ಅಂಗೈ ಮೇಲೆ ಬಿಟ್ಟರೂ ಕಾಣುತ್ತಿರಲಿಲ್ಲ. ಆಪರೇಷನ್ ಎಂದರೆ ಎದ್ದುಹೋಗುತ್ತಿದ್ದರು.

"ಇನ್ನೊಮ್ಮಿ ಮಿರಗದ ಹುಳದ ಮಾರಿ ನೋಡಬೇಕಾಗ್ಯದ ಬೇಟಾ. ದೊಡ್ಡದು ಮಾಡಿ ತೋರಸು."

ಹೂಂ ಅಂದುಬಿಟ್ಟೆ. ಅಂದ ಮೇಲೆ ಚಿಂತೆ ಹತ್ತಿತು. ಆ ಹುಳ ಕಾಣಿಸುವುದೇ ವರ್ಷಕ್ಕೆ ನಾಲ್ಕು ದಿನ. ಬರುವ ಮಳೆಗಾಲ ತಪ್ಪಿದರೆ ಅವರ ಕಣ್ಣು ಅದರ ಮುಂದಿನದರ ತನಕ ಕಾಯುವ ಹಾಗಿರಲಿಲ್ಲ.

ಅವರ ಬಳೆಪೆಟ್ಟಿಗೆಯ ಮಖಮಲ್ ಚೂರನ್ನೇ ಹುಳವೆಂದುಕೊಂಡು ಬೇಸಿಗೆಯಿಡೀ ಪ್ರಯೋಗ ನಡೆಸಿದೆ. ಫ್ಲ್ಯಾಶಿಗೆ ಮಿಠಾಯಿ ಅಂಗಡಿಯ ಬೆಣ್ಣೆ ಕಾಗದ ಸುತ್ತಿದೆ. ಬೆಳಕು ಮಂಕಾಯಿತೇ ಹೊರತು ಮೆತ್ತಗಾಗಲಿಲ್ಲ. ಖಾಲಾ ತಮ್ಮ ತೀರಿಹೋದ ಯಜಮಾನರ ಹೆಣಿಕೆಯ ಟೋಪಿ ಕೊಟ್ಟರು, ಅದನ್ನೂ ಫ್ಲ್ಯಾಶಿಗೆ ತೊಡಿಸಿದೆ. ಅದರ ತೂತುಗಳೆಲ್ಲ ಫೋಟೋದಲ್ಲಿ ಇಳಿದವು. ರಾಯಚೂರಿನ ಸ್ಟುಡಿಯೋದವರು ಪ್ರಿಂಟ್ ಕೈಗಿಡುತ್ತ, "ಮಾಸ್ತರ್ರೀ, ನಿಮ್ಮ ಮಖಮಲ್ಲಿಗೆ ಸಿಡುಬು ಎದ್ದದ ನೋಡ್ರಿ" ಅಂದರು.

ಅಷ್ಟರಲ್ಲಿ ಮಳೆ ಬಂದೇಬಿಟ್ಟಿತು. ಬಣ್ಣದ ರೀಲು ಹಾಕಿಕೊಂಡು ಮಾನ್ವಿ ರಸ್ತೆಯ ಹೊಲಕ್ಕೆ ಹೋದೆ. ಬೇಡವೆಂದರೂ ಖಾಲಾ ಬೆನ್ನು ಹತ್ತಿದರು. ನಾನು ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಫ್ಲ್ಯಾಶ್ ಹಿಡಿದು ಕೆಸರಲ್ಲಿ ಬೋರಲಾದೆ. ಬೆಳಕು ಬಡಿದಾಗಲೆಲ್ಲ ಹುಳ ಕಾಲು ಮುದುಡಿಕೊಳ್ಳುತ್ತದೆ ಅಂತ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ರೀಲಿನ ಕೊನೆಯ ಫೋಟೋ. ಬಟನ್ ಒತ್ತುವುದಕ್ಕೂ, ಖಾಲಾ ತೊಟ್ಟಿಲಿಗೆ ಹೊದಿಸುವ ಹಾಗೆ ತಲೆಯ ಮೇಲಿನ ಗಂಜಿ ಹಾಕಿದ ಮಲ್‌ಮಲ್ ಓಢಣಿಯನ್ನು ಫ್ಲ್ಯಾಶಿಗೆ ಅಡ್ಡವಾಗಿ ಹುಳದ ಮೇಲೆ ಹರವಿ ಹಿಡಿಯುವುದಕ್ಕೂ ಸರಿಹೋಯಿತು.

"ಕೂಸಿನ ಕಣ್ಣಿಗೆ ಹಂಗ ಬೆಳಕ ಬಡೀತಾರೇನು?"

ಕೊನೆಯದೂ ಹಾಳಾಯಿತು ಅಂದುಕೊಂಡು ರೀಲು ಸುತ್ತಿದೆ.

ರೀಲು ಹೈದರಾಬಾದಿಗೆ ಹೋಗಿ ಬಂತು. ಎಲ್ಲ ಸುಣ್ಣ. ಕೊನೆಯದೊಂದರಲ್ಲಿ ಮಾತ್ರ, ಓಢಣಿಯಲ್ಲಿ ಸೋಸಿ ಬಂದ ಬೆಳಕಿಗೆ, ಒಂದೊಂದು ಕೂದಲೂ ಬಿಡಿಬಿಡಿಯಾಗಿ, ಮುಟ್ಟಿದರೆ ಮೆತ್ತಗಿರುವುದೇನೋ ಅನ್ನುವ ಹಾಗೆ... ಖಾಲಾ ಮೊದಲು ಮುಟ್ಟಿಯೇ ನೋಡಿದರು, ಮುಖ ಸಣ್ಣದು ಮಾಡಿದರು. ಆಮೇಲೆ ಬಾಗಿಲ ಬೆಳಕಿಗೆ ಹೋಗಿ ಫೋಟೋವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನಿಂತರು.

"ಇವನೇ. ಎಷ್ಟು ದಪ್ಪ ಆಗ್ಯಾನ."

ಮರುವರ್ಷ ನನಗೆ ವರ್ಗವಾಯಿತು. ಖಾಲಾ ಹೋದ ಸುದ್ದಿ ತಲುಪುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು.

ಈಗ ನನ್ನ ಬಳಿ ಅಂಗಡಿಯಿಂದ ತಂದ ಬಿಳಿ ಪರದೆ ಇದೆ. ಫ್ಲ್ಯಾಶಿಗೆ ಸಿಕ್ಕಿಸಿದರೆ ಮುಗಿಯಿತು. ಬೆಳಕು ತಾನಾಗಿ ಮೆತ್ತಗೆ ಇಳಿಯುತ್ತದೆ, ಚಿಂತಿಸಲು ಏನೂ ಉಳಿದಿಲ್ಲ. ಆದರೂ ಬಟನ್ ಒತ್ತುವ ಮುಂಚೆ ಒಂದು ಗಳಿಗೆ ಕಾಯುತ್ತೇನೆ, ಯಾರಾದರೂ ಅಡ್ಡ ಬಂದಾರೇನೋ ಅಂತ...