ಯಂತ್ರದ ಕಣ್ಣಿಗೆ ಕುಂಕುಮ

ದೇವರಿದ್ದಾನೆಯೇ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಇಲ್ಲ ಎಂದು ಹೇಳಿ ಟೀ ಕುಡಿಯುತ್ತೇನೆ. ಹೊಸಕೋಟೆ ಪಕ್ಕದ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷದಿಂದ ಯಂತ್ರಗಳ ರಿಪೇರಿ ಮಾಡಿಕೊಂಡಿರುವ ನನಗೆ, ಕೆಟ್ಟದ್ದಕ್ಕೆ ಕಾರಣ ಹುಡುಕುವುದೇ ಹೊಟ್ಟೆಪಾಡು. ಬೇರಿಂಗ್ ಸವೆದಿರುತ್ತದೆ, ಎಣ್ಣೆ ಸೋರಿರುತ್ತದೆ, ಇಲಿ ವೈರು ಕಡಿದಿರುತ್ತದೆ. ಶನಿಕಾಟದಿಂದ ನಿಂತ ಯಂತ್ರವನ್ನು ನಾನು ಈವರೆಗೆ ಒಂದೂ ನೋಡಿಲ್ಲ. ಆದರೂ ನಮ್ಮ ಕಾರ್ಖಾನೆಯಲ್ಲಿ ಯಾವ ಯಂತ್ರ ನಿಂತರೂ ಮೊದಲು ಬರುವುದು ನಿಂಬೆಹಣ್ಣು, ಆಮೇಲೆ ನಾನು.

ನನ್ನ ಸಿಟ್ಟು ಊರಿನ ಮುದುಕಿಯರ ಮೇಲಲ್ಲ. ಅವರು ಕಲ್ಲಿಗೆ ಕೈಮುಗಿದು, ಎರಡು ಕಷ್ಟ ಹೇಳಿಕೊಂಡು, ಹಗುರಾಗಿ ಮನೆಗೆ ಹೋಗುತ್ತಾರೆ. ಅದರಿಂದ ಯಾರ ಕೂದಲೂ ಕೊಂಕುವುದಿಲ್ಲ. ನನ್ನ ಮೈ ಉರಿಯುವುದು ಓದಿದವರನ್ನು ಕಂಡರೆ. ನಮ್ಮ ಮ್ಯಾನೇಜರು ಎಂಜಿನಿಯರಿಂಗ್ ಓದಿದವರು, ಗೋಡೆಯ ಮೇಲೆ ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಿದವರು. ಅವರ ಮೊಬೈಲಿನಲ್ಲಿ ರಾಹುಕಾಲ ತಿಳಿಸುವ ಆ್ಯಪ್ ಒಂದಿದೆ. ಮನುಷ್ಯ ಆಕಾಶಕ್ಕೆ ಕಳಿಸಿದ ಉಪಗ್ರಹವನ್ನು ಕೇಳಿ ತಾನೆಲ್ಲಿದ್ದೇನೆಂದು ತಿಳಿದುಕೊಂಡು, ಆ ಜಾಗಕ್ಕೆ ಸರಿಯಾದ ರಾಹುಕಾಲವನ್ನು ಅದು ಹೇಳುತ್ತದೆ. ಇದನ್ನು ಅವರು ನನಗೆ ಹೆಮ್ಮೆಯಿಂದ ತೋರಿಸಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಏನ್ರೀ ನಗ್ತೀರ? ರಾಕೆಟ್ ಹಾರ್ಸೋರೇ ಪೂಜೆ ಮಾಡ್ಸಿ ಹಾರಿಸ್ತಾರೆ. ಅವ್ರಿಗಿಂತ ಬುದ್ಧಿವಂತರಾ ನೀವು?" ಎಂದರು.

"ಪೂಜೆ ಮಾಡ್ಸಿದ್ವಿ ಅಂತ ಅವ್ರು ಇಂಧನ ಹಾಕೋದು ಬಿಡಲ್ಲ ಸಾರ್," ಎಂದೆ.

ಅಂದಿನಿಂದ ಕಾರ್ಖಾನೆಯಲ್ಲಿ ನನಗೆ ನಾಸ್ತಿಕ ಎಂಬ ಹೆಸರು ನಿಂತಿತು. ಕ್ಯಾಂಟೀನಿನವನೂ ಹಾಗೆಯೇ ಕರೆಯುತ್ತಾನೆ.

ನಮ್ಮಲ್ಲಿ ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ಸುಗಳಿವೆ. ಮೇಲಿನ ಅಚ್ಚು ಇಳಿದು ಕೆಳಗಿನ ಅಚ್ಚಿಗೆ ಕೂರುತ್ತದೆ. ನಡುವೆ ಏನಿದ್ದರೂ ಅದು ಚಪ್ಪಟೆ. ಅದಕ್ಕೇ ಪ್ರೆಸ್ಸಿನ ಎಡಬಲಕ್ಕೆ ಎರಡು ಕಂಬ ನಿಲ್ಲಿಸಿ, ಅವುಗಳಲ್ಲಿ ಸಾಲಾಗಿ ಸಣ್ಣ ಗಾಜಿನ ಕಣ್ಣುಗಳನ್ನು ಕೂರಿಸಿರುತ್ತಾರೆ. ಒಂದು ಕಂಬದಿಂದ ಇನ್ನೊಂದಕ್ಕೆ ನಮಗೆ ಕಾಣದ ಬೆಳಕು ಹರಿಯುತ್ತಿರುತ್ತದೆ. ಒಳಗೆ ಕೈ ಹೋದರೆ ಆ ಬೆಳಕು ಕಡಿಯುತ್ತದೆ, ಪ್ರೆಸ್ಸು ಇದ್ದಲ್ಲೇ ನಿಲ್ಲುತ್ತದೆ. ಕಣ್ಣಿನ ಮೇಲೆ ಕೊಳೆ ಕೂತರೂ ಅಷ್ಟೆ. ಕೈಯೇ ಬಂತೆಂದುಕೊಂಡು ಅದು ಅಲ್ಲಾಡುವುದಿಲ್ಲ. ನನಗೆ ಆ ಯಂತ್ರದ ಮೇಲೆ ಗೌರವ ಇರುವುದು ಇದಕ್ಕೇ. ಕಾಣದಿದ್ದರೆ ಅದು ನಿಲ್ಲುತ್ತದೆ. ಮನುಷ್ಯನಾದರೆ ಕಾಣದಿದ್ದಾಗ ಕೈಮುಗಿದು ಮುಂದೆ ಹೋಗುತ್ತಾನೆ.

ಆಯುಧಪೂಜೆಯ ದಿನ ಈ ಕಣ್ಣುಗಳಿಗೂ ವಿಭೂತಿ, ಗಂಧ, ಕುಂಕುಮ. ಕಣ್ಣು ಎಂದ ಮೇಲೆ ಬೊಟ್ಟಿಡದೆ ಬಿಡುತ್ತಾರೆಯೇ? ಹಾಗಾಗಿ ಪ್ರತಿ ವರ್ಷ ಹಬ್ಬದ ರಜೆ ಮುಗಿದ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಹೋಗಿ, ಸ್ಪಿರಿಟ್ಟಿನ ಬಟ್ಟೆಯಲ್ಲಿ ಒಂದೊಂದೇ ಕಣ್ಣು ಒರೆಸಿ ಪ್ರೆಸ್ಸು ಶುರು ಮಾಡಿಸುತ್ತಿದ್ದೆ. ದೇವರೂ ಸಂತೋಷ, ಯಂತ್ರವೂ ಸಂತೋಷ.

ಒಂದು ವರ್ಷ ಮ್ಯಾನೇಜರು ಬೆಂಗಳೂರಿನಿಂದ ಹೊಸ ಪುರೋಹಿತರನ್ನು ಕರೆಸಿದ್ದರು. ಪೂಜೆ ಮುಗಿಸಿದ ಪುರೋಹಿತರು ಒಂದು ಅಪ್ಪಣೆ ಕೊಟ್ಟರು. ಯಂತ್ರಕ್ಕಿಟ್ಟ ಕುಂಕುಮವನ್ನು ಕೈಯಾರೆ ಅಳಿಸಕೂಡದು, ಕನಿಷ್ಠ ಮೂರು ದಿನ ಇರಬೇಕು, ಅಳಿಸಿದರೆ ಮುತ್ತೈದೆಯ ಹಣೆ ಒರೆಸಿದ ಹಾಗೆ, ಕಾರ್ಖಾನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ. ಮ್ಯಾನೇಜರ ಮುಖ ಗಂಭೀರವಾಯಿತು. ಕಬ್ಬಿಣದ ಪ್ರೆಸ್ಸನ್ನು ವಿಧವೆ ಮಾಡುವ ಪಾಪ ತಮಗೇಕೆ ಎಂದುಕೊಂಡರೋ ಏನೋ. ರಜೆ ಮುಗಿದ ದಿನಕ್ಕೆ ನನ್ನನ್ನು ಬೆಳಗಿನ ಪಾಳಿಯಿಂದ ತೆಗೆದು ಮಧ್ಯಾಹ್ನದ ಪಾಳಿಗೆ ಹಾಕಿದರು.

"ಸಾರ್, ಕಣ್ಣು ಒರೆಸ್ದೆ ಪ್ರೆಸ್ ಓಡಲ್ಲ," ಎಂದೆ.

"ಅದನ್ನ ನಾವ್ ನೋಡ್ಕೋತೀವಿ ಬಿಡ್ರೀ. ಎಲ್ಲಾದಕ್ಕೂ ನೀವೇ ಆಗ್ಬೇಕಾ?"

ನೋಡಿಕೊಂಡರು. ಕಣ್ಣುಗಳು ಕೆಟ್ಟಾಗ ಪರೀಕ್ಷೆ ಮಾಡಲೆಂದು, ಅವುಗಳ ಸಂಪರ್ಕ ತಪ್ಪಿಸಿ ಪ್ರೆಸ್ಸು ಓಡಿಸುವ ಬೈಪಾಸ್ ಕೀಲಿ ಒಂದಿರುತ್ತದೆ. ಬೆಳಿಗ್ಗೆ ಪ್ರೆಸ್ಸು ಅಲ್ಲಾಡದಿದ್ದಾಗ ಮ್ಯಾನೇಜರು ಬಟ್ಟೆ ತರಿಸಲಿಲ್ಲ, ಆ ಕೀಲಿ ತರಿಸಿದರು. ಕುಂಕುಮ ಉಳಿಯಿತು. ಯಂತ್ರ ಕುರುಡಾಗಿ ಓಡತೊಡಗಿತು.

ಆ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದವಳು ನನ್ನ ಅಕ್ಕನ ಮಗಳು. ಐಟಿಐ ಓದಿ, ಪರೀಕ್ಷೆ ಬರೆದು, ತಾನಾಗಿ ಸೇರಿಕೊಂಡ ಹುಡುಗಿ. ಬಿಡುವಿನಲ್ಲಿ ಮನೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಮಾತಾಡುತ್ತ, ಟಿವಿ ನೋಡುತ್ತ, ಕೆಳಗೆ ಕಣ್ಣು ಹಾಯಿಸದೆ ಗಂಟು ಹಾಕುವ ಬೆರಳುಗಳು ಅವು. ಕೀಲಿಯ ವಿಷಯ ಅವಳಿಗೆ ಯಾರೂ ಹೇಳಲಿಲ್ಲ. ತಗಡೊಂದು ಅಚ್ಚಿನಲ್ಲಿ ಓರೆಯಾಗಿ ಕೂತಿತು. ಎಂದಿನಂತೆ ಪ್ರೆಸ್ಸು ತನ್ನ ಕೈ ನೋಡಿ ನಿಲ್ಲುತ್ತದೆಂದು ನಂಬಿ ಅದನ್ನು ಸರಿಮಾಡಲು ಒಳಗೆ ಬಲಗೈ ಹಾಕಿದಳು. ಕೈ ಹೊರಗೆ ಬಂದಾಗ ತೋರುಬೆರಳೂ ನಡುಬೆರಳೂ ಅದರ ಜೊತೆ ಬರಲಿಲ್ಲ.

ನಾನು ಮಧ್ಯಾಹ್ನ ಹೋದಾಗ ನೆಲ ತೊಳೆದಾಗಿತ್ತು. ಕಣ್ಣುಗಳ ಮೇಲಿನ ಕುಂಕುಮ ಮಾತ್ರ ಇಟ್ಟದ್ದು ಇಟ್ಟಂತೆಯೇ ಇತ್ತು. ಆಗಷ್ಟೇ ವಿಷಯ ತಿಳಿದು ನಾನು ಮಾಡಿದ ಮೊದಲ ಕೆಲಸ ಎಲ್ಲರೆದುರು ಅದನ್ನು ಒರೆಸಿದ್ದು. ಯಾರೂ ತಡೆಯಲಿಲ್ಲ. ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ, ಇವತ್ತಿಗೂ ಅದು ನನ್ನ ಬಳಿಯೇ ಇದೆ. ಮ್ಯಾನೇಜರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

"ಟೈಮ್ ಸರಿ ಇಲ್ಲ ಕಣ್ರೀ," ಎಂದರು.

ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸದೆ ಆಸ್ಪತ್ರೆಗೆ ಓಡಿದೆ.

ಆಸ್ಪತ್ರೆಯ ಬಾಗಿಲಲ್ಲಿ ಅಕ್ಕ ಆಗಲೇ ಹರಕೆ ಹೊತ್ತಾಗಿತ್ತು. ತೂಬಗೆರೆ ಕಡೆ ಇರುವ ನಮ್ಮ ಮನೆದೇವರು ಒಬ್ಬಳು ಅಮ್ಮ. ಮಗಳ ಕೈ ಉಳಿಸಿಕೊಟ್ಟರೆ ಬೆಳ್ಳಿ ಕೈ ಒಪ್ಪಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದಳು. ಒಳಗೆ ವಯಸ್ಸಿನಲ್ಲಿ ಅಕ್ಕನ ಮಗಳಿಗಿಂತ ಅಷ್ಟೇನೂ ದೊಡ್ಡವಳಲ್ಲದ ಡಾಕ್ಟರೊಬ್ಬಳು ಊಟ ಬಿಟ್ಟು ನಿಂತು, ಜಜ್ಜಿದ ಅಂಗೈಯನ್ನು ಹೊಲಿದು ಕೂಡಿಸಿದಳು. ಎರಡು ಬೆರಳು ಹೋದರೂ ಕೈ ಉಳಿಯಿತು.

"ತಾಯಿ ಕೈ ಬಿಡ್ಲಿಲ್ಲ ಕಣೋ," ಎಂದಳು ಅಕ್ಕ.

"ತಾಯಿ ಅಲ್ಲ ಅಕ್ಕ, ಡಾಕ್ಟ್ರು."

"ಆ ಡಾಕ್ಟ್ರನ್ನ ಕಳಿಸ್ದೋರ್ ಯಾರು?"

"ಹಂಗಾದ್ರೆ ಆ ಪುರೋಹಿತನ್ನ ಕಳಿಸ್ದೋರ್ ಯಾರು?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಹತ್ತಿರ ಹೋದಳು. ಅವಳನ್ನು ನೋಯಿಸಿದ್ದಕ್ಕೆ ಬೇಜಾರಾಯಿತು, ಪ್ರಶ್ನೆ ಕೇಳಿದ್ದಕ್ಕೆ ಆಗಲಿಲ್ಲ. ಒಳ್ಳೆಯದಾದರೆ ದೇವರು ಮಾಡಿದ್ದು, ಕೆಟ್ಟದ್ದಾದರೆ ನಮ್ಮ ಗ್ರಹಚಾರ. ಏನು ಕೆಟ್ಟರೂ ಜವಾಬ್ದಾರಿಯಿಲ್ಲದ ಇಂಥ ನೌಕರಿ ನಮ್ಮ ಮ್ಯಾನೇಜರಿಗೂ ಸಿಕ್ಕಿಲ್ಲ.

ಅವರು ಅದಕ್ಕೆ ಅರ್ಜಿ ಹಾಕಿಕೊಂಡಂತೆ ಕಾಣುತ್ತಿತ್ತು. ಸ್ವಲ್ಪ ದಿನದಲ್ಲೇ ಕಾರ್ಖಾನೆಯಲ್ಲಿ ಶಾಂತಿಹೋಮ ನಡೆಯಿತು. ಅದೇ ಪುರೋಹಿತರು. ಪ್ರೆಸ್ಸಿಗೆ ದೃಷ್ಟಿಯಾಗಿದೆ ಎಂದು ಬೂದುಗುಂಬಳ ಒಡೆಸಿದರು. ಹೊಗೆ ಚಾವಣಿ ಮುಟ್ಟಿ ಬೆಂಕಿಯ ಅಲಾರಂ ಬಡಿದುಕೊಳ್ಳತೊಡಗಿತು. ಮಂತ್ರಕ್ಕೆ ಅಡ್ಡಿಯಾಗುತ್ತದೆಂದು ಅದನ್ನೂ ಆರಿಸಿ ಬಾಯಿ ಮುಚ್ಚಿಸಿದರು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಒಂದು ಯಂತ್ರದ ಕಣ್ಣು ಕಟ್ಟಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಇನ್ನೊಂದರ ಮೂಗು ಮುಚ್ಚುವ ಈ ಜನಕ್ಕೆ ವಿಜ್ಞಾನ ಯಾವ ಕಾಲಕ್ಕೆ ಬಂದರೂ ಅಷ್ಟೆ ಎನ್ನಿಸಿತು.

ಗಾಯ ಮಾಗಿದ ಮೇಲೆ ಅಕ್ಕ ಹರಕೆ ತೀರಿಸಲು ಹೊರಟಳು. "ನೀನ್ ಬರ್ದಿದ್ರೆ ಬಸ್ಸಲ್ ಹೋಗ್ತೀವಿ," ಎಂದಳು. ಆ ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಲ್ಲುವ ಹುಡುಗಿಯನ್ನು ನೆನೆದು ನನ್ನ ಹಳೆಯ ಕಾರು ತೆಗೆದೆ. ನಲ್ಲೂರಿನ ಹುಣಸೆಮರಗಳ ಕೆಳಗೆ ನಿಲ್ಲಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಹುಡುಗಿ ಎಡಗೈ ಹಾಕಿದಳು.

"ದೇವಸ್ಥಾನಕ್ಕೆ ಹೋಗೋವಾಗ ಎಡಗೈಲಿ ತಿನ್ನಬಾರ್ದು," ಎಂಬ ಮಾತು ಅಕ್ಕನ ಬಾಯಿಂದ ಬಂದೇಬಿಟ್ಟಿತು. ಆಮೇಲೆ ಅವಳಿಗೇ ಹೊಳೆಯಿತು. ಡಬ್ಬಿ ತೆಗೆದುಕೊಂಡು ತಾನೇ ತುತ್ತು ಮಾಡಿ ಮಗಳಿಗೆ ತಿನ್ನಿಸಿದಳು. ಹುಡುಗಿ ತಿಂದಳು. ಕೈ ಮೇಲೆ ಪ್ರೆಸ್ಸು ಇಳಿದ ದಿನದಿಂದ ಅವಳು ದೇವರ ಬಗ್ಗೆ ಆಗಲಿ, ಮ್ಯಾನೇಜರ ಬಗ್ಗೆ ಆಗಲಿ ಒಂದು ಮಾತೂ ಆಡಿರಲಿಲ್ಲ.

ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಬೆಳ್ಳಿ ಕಣ್ಣು, ಬೆಳ್ಳಿ ಕಾಲು, ಬೆಳ್ಳಿ ಕೈ ಎಲ್ಲ ದಾರದಲ್ಲಿ ನೇತಾಡುತ್ತಿದ್ದವು. ಅಕ್ಕ ಒಂದು ಬಲಗೈ ಆರಿಸಿದಳು. ನಾನು ಇಸಕೊಂಡು ನೋಡಿದೆ. ಕಾಗದದಷ್ಟು ತೆಳುವಾದ ತಗಡು, ಹೆಬ್ಬೆರಳಿನ ಅಂಚಿನಲ್ಲಿ ಅಚ್ಚು ಸವೆದ ಗುರುತು. ಇದನ್ನೂ ಯಾವುದೋ ಸಣ್ಣ ಪ್ರೆಸ್ಸಿನಲ್ಲೇ ಒತ್ತಿದ್ದಾರೆ. ಎಲ್ಲ ಕೈಗೂ ಐದೈದು ಬೆರಳು.

ಹುಂಡಿಯ ಹತ್ತಿರ ನಿಂತಿದ್ದ ಪೂಜಾರಿ "ಬಲಗೈಲಿ ಹಾಕಮ್ಮಾ," ಎಂದರು. ಹುಡುಗಿ ಸೆರಗಿನೊಳಗೆ ಮುಚ್ಚಿಕೊಂಡಿದ್ದ ಬಲಗೈ ಹೊರತೆಗೆದಳು. ಪೂಜಾರಿ ಬೇರೆ ಕಡೆ ನೋಡಿದರು. ಅವಳು ಬೆಳ್ಳಿ ಕೈಯನ್ನು ತನ್ನ ಅಂಗೈ ಮೇಲಿಟ್ಟು, ಎರಡನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಎಡಗೈಯಿಂದ ಬೆಳ್ಳಿಯ ತೋರುಬೆರಳನ್ನೂ ನಡುಬೆರಳನ್ನೂ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿದಳು. ಮಿಕ್ಕ ಕೈಯನ್ನು ಹುಂಡಿಗೆ ಹಾಕಿದಳು.

"ಲೇ, ಏನೇ ಮಾಡ್ದೆ?" ಅಕ್ಕ ಹುಡುಗಿಯ ತೋಳು ಹಿಡಿದಳು.

"ನಂಗೆ ಎಷ್ಟ್ ಉಳ್ಸಿದ್ಲೋ ಅಷ್ಟೇ ಅವಳಿಗೂ," ಎಂದಳು ಹುಡುಗಿ. ಮುರಿದ ಎರಡು ಬೆರಳನ್ನು ನನ್ನ ಕೈಗೆ ಹಾಕಿದಳು. "ಇವು ಮ್ಯಾನೇಜರ್‌ಗೆ ಕೊಡು ಮಾವ."

ಇಷ್ಟು ವರ್ಷ ದೇವರಿಲ್ಲ ಎಂದುಕೊಂಡು ತಿರುಗಿದ ನನಗೆ ದೇವರಿಗೆ ಹೀಗೊಂದು ಮಾತು ಹೇಳಲು ತೋಚಿರಲಿಲ್ಲ. ಇಲ್ಲದವಳನ್ನು ಬೈಯುವುದು ಹೇಗೆ ಎಂದು ನಾನು ಸುಮ್ಮನಿದ್ದೆ. ಹುಡುಗಿ ಅವಳು ಇದ್ದಾಳೆ ಎಂದುಕೊಂಡೇ ಎದುರು ನಿಂತು ಕೇಳಿದಳು. ಕಾರಿನಲ್ಲಿ ಅಕ್ಕ ಹೊಸಕೋಟೆ ಬರುವವರೆಗೂ ಅತ್ತಳು. ನನಗೂ ಕಣ್ಣು ಮಂಜಾಗಿ ಒಮ್ಮೆ ಗಾಡಿ ಬದಿಗೆ ನಿಲ್ಲಿಸಬೇಕಾಯಿತು.

ಹುಡುಗಿ ಈಗ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಕುಚ್ಚು ಕಟ್ಟುವುದನ್ನು ಬಿಟ್ಟಿದ್ದಾಳೆ.

ದೇವಸ್ಥಾನಕ್ಕೆ ಹೋಗಿಬಂದ ಮರುದಿನ ಮ್ಯಾನೇಜರ ಮೇಜಿನ ಮೇಲೆ ಆ ಎರಡು ಬೆಳ್ಳಿಯ ಬೆರಳನ್ನು ಇಟ್ಟೆ. ರಾತ್ರಿಯೆಲ್ಲ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ.

"ಏನ್ರೀ ಇದು?"

"ಅಮ್ಮನ ದೇವಸ್ಥಾನಕ್ಕೆ ಹೋಗಿದ್ವಿ ಸಾರ್. ನಮ್ಮ ಹುಡುಗಿ ನಿಮ್ಗೆ ಕೊಡು ಅಂದ್ಲು."

ಮುಂದಿನದನ್ನು ಹೇಳಲು ಅವರು ಬಿಡಲಿಲ್ಲ. ಚಪ್ಪಲಿ ಬಿಟ್ಟು ಎದ್ದು ನಿಂತು, ಎರಡನ್ನೂ ಕಣ್ಣಿಗೊತ್ತಿಕೊಂಡರು. "ಪ್ರಸಾದನಾ? ಒಳ್ಳೆ ಹುಡುಗಿ ಕಣ್ರೀ, ಮನಸಲ್ಲಿ ಏನೂ ಇಟ್ಕೊಂಡಿಲ್ಲ," ಎಂದು ಗೋಡೆಯ ಲಕ್ಷ್ಮಿ ಪಟದ ಕೆಳಗೆ ಜೋಡಿಸಿಟ್ಟರು. ಈಗಲೂ ಅಲ್ಲೇ ಇವೆ. ಪ್ರತಿ ಶುಕ್ರವಾರ ಅವಕ್ಕೂ ಕುಂಕುಮ ಬೀಳುತ್ತದೆ.